ಅರ್ಧ ಬ್ರೆಡ್ಡಿನ ಅಪರಾಧ

ಮಾನ್ಯ ಆಹಾರ ಗುಣಮಟ್ಟ ಅಧಿಕಾರಿಗಳೇ,

ನಮ್ಮ ಬೀದಿಯ ಬೇಕರಿಯಲ್ಲಿ ಒಂದು ಬ್ರೆಡ್ಡನ್ನು ಇಬ್ಬರು ಹಂಚಿಕೊಂಡು ಕೊಳ್ಳುವುದನ್ನು ತಾವು ಕಳೆದ ತಿಂಗಳು ನಿಲ್ಲಿಸಿದ್ದೀರಿ. ತಮ್ಮ ನೋಟಿಸಿನ ಪ್ರಕಾರ ಆ ಬ್ರೆಡ್ಡು ಬ್ರೆಡ್ಡೇ ಅಲ್ಲ. ಬಣ್ಣ ಕಂದು, ಆಕಾರ ಅಸಮ, ಮೃದುತ್ವ ಸಾಲದು. ಹಿಂದೊಮ್ಮೆ ನನ್ನನ್ನು ನೋಡಲು ಬಂದು ಹೋದ ಗಂಡಿನ ಕಡೆಯವರೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ಅವರ ಆಕ್ಷೇಪಣೆಯನ್ನು ನಾನು ಸಹಿಸಿಕೊಂಡೆ. ತಮ್ಮದನ್ನು ಸಹಿಸಲಾರದೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ನಾನು ಆ ಬೇಕರಿಯ ಪಕ್ಕದ ಮಳಿಗೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಬಟ್ಟೆ ಹೊಲಿಯುವವಳು. ಮಳಿಗೆಯ ಮೇಲೆಯೇ, ಎರಡನೇ ಮಹಡಿಯಲ್ಲಿ, ಒಂದೂವರೆ ಕೋಣೆಯ ಮನೆ. ಒಬ್ಬಳೇ ಇದ್ದೇನೆ. ನನಗೆ ವಯಸ್ಸು ಐವತ್ತೆಂಟು, ನನ್ನ ಸಕ್ಕರೆ ಕಾಯಿಲೆಗೆ ಹನ್ನೆರಡು. ಬೇಕರಿಗೂ ನನ್ನ ಮಳಿಗೆಗೂ ನಡುವಿನ ಗೋಡೆ ಎಷ್ಟು ತೆಳುವೆಂದರೆ ಆ ಗಂಡಹೆಂಡಿರ ಜಗಳದಲ್ಲಿ ಯಾರದು ಸರಿ ಎಂದು ನಾನು ಹೊಲಿಗೆ ನಿಲ್ಲಿಸದೆಯೇ ತೀರ್ಪು ಕೊಡಬಲ್ಲೆ. ಹಾಗಾಗಿ ಈ ಬ್ರೆಡ್ಡು ಹುಟ್ಟಿದ್ದಕ್ಕೆ ನಾನೇ ಸಾಕ್ಷಿ.

ಬೇಕರಿಯವರ ಹೆಂಡತಿ ಮುಖ್ಯರಸ್ತೆಯ ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಒಂದು ಸಂಜೆ ಕೆಲಸ ಮುಗಿಸಿ ಬಂದವಳು ಚೀಲವನ್ನೂ ಕೆಳಗಿಡದೆ ಗಂಡನಿಗೆ ಹೇಳಿದಳು, "ನೀನು ಬೆಳಿಗ್ಗೆ ಮಾರಿದ್ದನ್ನ ನಾನು ಮಧ್ಯಾಹ್ನ ಅಳೀತಾ ಇದೀನಿ. ಎಲ್ಲಾ ನಮ್ಮ ಬೀದಿಯವರೇ. ಎಲ್ಲರದ್ದೂ ಏರ್ತಾ ಇದೆ." ಬೇಕರಿಯವರು ಮಾತಿಗೆ ಸೋಲುವ ಮನುಷ್ಯರಲ್ಲ. ಆದರೆ ಅವತ್ತು ಹೆಂಡತಿ ಮಾತಾಡಿರಲಿಲ್ಲ, ವರದಿ ಒಪ್ಪಿಸಿದ್ದಳು.

ಮರುದಿನದಿಂದ ಅವರು ಹೊಟ್ಟು ತೆಗೆಯದ ಗೋಧಿಹಿಟ್ಟು ತರಿಸತೊಡಗಿದರು. ಅಂಗಡಿಯ ಈಸ್ಟ್ ಬಿಟ್ಟು, ಒಂದು ಗಾಜಿನ ಭರಣಿಯಲ್ಲಿ ಹುಳಿಹಿಟ್ಟು ಸಾಕಿದರು. ಸಾಕಿದರು ಎಂದೇ ಹೇಳಬೇಕು, ಏಕೆಂದರೆ ಅದಕ್ಕೆ ದಿನವೂ ಹೊಸ ಹಿಟ್ಟು, ನೀರು ಕೊಡುವ ಮುತುವರ್ಜಿಯನ್ನು ಅವರು ತಮ್ಮ ಭಾವಮೈದುನನಿಗೂ ತೋರಿಸಿದವರಲ್ಲ. ಮೊದಲ ಬ್ರೆಡ್ಡನ್ನು ಬಾಗಿಲಿಗೆ ಒತ್ತಾಗಿ ಇಟ್ಟಿದ್ದರೆ ಬಿರುಗಾಳಿಗೂ ಬಾಗಿಲು ಜಗ್ಗುತ್ತಿರಲಿಲ್ಲ. ಎರಡನೆಯದು ಒಳಗೆ ಹಸಿ, ಹೊರಗೆ ಕರಿ. ರುಚಿ ನೋಡುವ ಹೊಣೆ ನನ್ನದಾಗಿತ್ತು. ನಾಲ್ಕು ತಿಂಗಳು ನಾನು ತಿಂದದ್ದನ್ನು ತಮ್ಮ ಇಲಾಖೆ ಆಗ ಪರೀಕ್ಷಿಸಿದ್ದರೆ ನಾನೇ ಕೈಯಾರೆ ದೂರು ಬರೆದುಕೊಡುತ್ತಿದ್ದೆ. ಐದನೇ ತಿಂಗಳು ಅದು ಹದಕ್ಕೆ ಬಂತು. ಗಟ್ಟಿ ಸಿಪ್ಪೆ, ಒಳಗೆ ತೇವ, ಅಗಿದಷ್ಟೂ ಹಿತವಾದ ಹುಳಿ. ಎರಡು ಹೋಳು ತಿಂದರೆ ಮಧ್ಯಾಹ್ನದವರೆಗೆ ಹೊಟ್ಟೆ ತಕರಾರು ತೆಗೆಯುತ್ತಿರಲಿಲ್ಲ.

ಆದರೆ ಒಂದು ತೊಡಕಿತ್ತು. ಚಿಕ್ಕ ಡಬ್ಬಿಯಲ್ಲಿ ಬೇಯಿಸಿದರೆ ಅದು ಒಣಗಿ ಕಟ್ಟಿಗೆಯಾಗುತ್ತಿತ್ತು. ಎರಡು ಕಿಲೋ ಹಿಡಿಸುವ ದೊಡ್ಡ ಡಬ್ಬಿಯಲ್ಲಿ ಮಾತ್ರ ಸರಿಯಾಗಿ ಬರುತ್ತಿತ್ತು. ಅಷ್ಟು ದೊಡ್ಡದನ್ನು ಒಂದು ಮನೆಯವರು ಕೆಡುವ ಮೊದಲು ತಿಂದು ಮುಗಿಸಲಾಗದು. ಅರ್ಧ ಮಾರಿದರೆ ಉಳಿದರ್ಧ ಅಂಗಡಿಯಲ್ಲೇ ಒಣಗುತ್ತದೆ. ಕೊನೆಗೆ ಬೇಕರಿಯವರು ಹಲಗೆಯ ಮೇಲೆ ಬರೆದರು: ಅರ್ಧ ಬೇಕಾದವರು ಇನ್ನರ್ಧಕ್ಕೆ ಜೊತೆ ಹುಡುಕಿಕೊಳ್ಳಿ.

ಮಾನ್ಯರೇ, ಇದು ಸಮಾಜ ಸುಧಾರಣೆಗೆಂದು ಬರೆದದ್ದಲ್ಲ. ಬ್ರೆಡ್ಡು ಹಾಳಾಗದಿರಲಿ ಎಂದು ಬರೆದದ್ದು. ಆದರೆ ಆ ಸಾಲು ಮಾಡಿದ ಕೆಲಸವನ್ನು ನಮ್ಮ ಕಟ್ಟಡದ ನಿವಾಸಿಗಳ ಸಂಘ ಹದಿನೈದು ವಾರ್ಷಿಕ ಸಭೆಗಳಲ್ಲಿ ಮಾಡಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಬೇಕರಿಯ ಮುಂದೆ ಜನ ನಿಂತು, "ಅರ್ಧ ಯಾರಿಗೆ?" ಎಂದು ಕೇಳತೊಡಗಿದರು. ಒಂದೇ ಮೆಟ್ಟಿಲು ಹತ್ತಿಳಿದರೂ ಒಬ್ಬರ ಮುಖ ಒಬ್ಬರು ನೋಡದವರು ಜೋಡಿಯಾದರು. ಜೋಡಿಯಾದ ಮೇಲೆ ಬಿಡುವಂತಿಲ್ಲ, ಒಬ್ಬರು ಊರಿಗೆ ಹೋಗುವುದಿದ್ದರೆ ಇನ್ನೊಬ್ಬರಿಗೆ ಮೊದಲೇ ತಿಳಿಸಬೇಕು. ಹೀಗೆ ಯಾರು ಎಲ್ಲಿಗೆ ಹೊರಟರು, ಯಾರಿಗೆ ಜ್ವರ, ಯಾರ ಮಗಳಿಗೆ ಕೆಲಸ ಸಿಕ್ಕಿತು, ಎಲ್ಲವೂ ಬ್ರೆಡ್ಡಿನ ಜೊತೆ ಹಂಚಿಕೆಯಾಗತೊಡಗಿತು. ನಮ್ಮಲ್ಲಿ ಇಂಥ ಜೊತೆಗಾರರಿಗೆ 'ಅರ್ಧದವರು' ಎಂದೇ ಹೆಸರು ಬಿತ್ತು.

ನನ್ನ ಅರ್ಧದವರ ಕಥೆ ಹೇಳದಿದ್ದರೆ ಈ ಪತ್ರಕ್ಕೆ ಆಧಾರವಿಲ್ಲ. ನನ್ನ ಮೇಲಿನ ಮಹಡಿಯಲ್ಲಿ ಒಬ್ಬರು ನಿವೃತ್ತರಿದ್ದಾರೆ. ಮನೆಮನೆಯ ವಿದ್ಯುತ್ ಮೀಟರ್ ಓದುತ್ತಿದ್ದವರು. ಹನ್ನೊಂದು ವರ್ಷದ ಹಿಂದೆ ಅವರ ಹೂಕುಂಡದ ಕೆಸರುನೀರು ನನ್ನ ಬಾಲ್ಕನಿಯಲ್ಲಿ ನೇತುಹಾಕಿದ್ದ ಮದುಮಗನ ಕೋಟಿನ ಮೇಲೆ ಸುರಿಯಿತು. ಕೋಟು ಬಿಳಿಯದಾಗಿತ್ತು. ನಾನು ಆಡಿದ ಮಾತು ಬಿಳಿಯದಾಗಿರಲಿಲ್ಲ. ಅಂದಿನಿಂದ ನಮಗೆ ಮಾತಿಲ್ಲ. ಹಂಚಿಕೆ ಶುರುವಾದ ಮೂರನೇ ದಿನ ಎಲ್ಲರಿಗೂ ಜೊತೆ ಸಿಕ್ಕಿ, ಸಾಲಿನಲ್ಲಿ ನಾವಿಬ್ಬರೇ ಉಳಿದೆವು. ಬೇಕರಿಯವರು ಚಾಕು ಹಿಡಿದು ಕೇಳಿದರು, "ಕತ್ತರಿಸ್ಲಾ, ಒಳಗೆ ಇಡ್ಲಾ?" ಮೇಲಿನವರು ನನ್ನನ್ನು ನೋಡದೆ ಗೋಡೆಗೆ ಹೇಳಿದರು, "ಕತ್ತರಿಸಿ. ದೊಡ್ಡ ಭಾಗ ಅವರಿಗೇ ಕೊಡಿ." ನಾನೂ ಗೋಡೆಗೇ ಹೇಳಿದೆ, "ಸರಿಯಾಗಿ ಅರ್ಧ ಮಾಡಿ. ನನಗೆ ಯಾರ ಉಪಕಾರವೂ ಬೇಡ." ಹೀಗೆ ಮೂರು ವಾರ ಗೋಡೆಯೇ ನಮ್ಮ ಮಧ್ಯಸ್ಥಿಕೆ ವಹಿಸಿತು. ನಾಲ್ಕನೇ ವಾರ ಅವರು ಕುಂಡಗಳ ಕೆಳಗೆ ತಟ್ಟೆ ಇಟ್ಟಿರುವುದಾಗಿ ನನಗೇ ಹೇಳಿದರು. ನಾನು ಅವರ ಅಂಗಿಯ ಕಾಲರು ತಿರುಗಿಸಿ ಹೊಲಿದುಕೊಟ್ಟೆ. ಮಾತು ಹಾಗೆ ಕೂಡಿಕೊಂಡಿತು.

ಆರೋಗ್ಯದ ವಿಷಯಕ್ಕೆ ಬರುತ್ತೇನೆ. ನನ್ನ ರಕ್ತದ ಮೂರು ತಿಂಗಳ ಸರಾಸರಿ ಸಕ್ಕರೆಯ ಲೆಕ್ಕ ಒಂಬತ್ತರ ಮೇಲಿದ್ದದ್ದು ವರ್ಷದೊಳಗೆ ಏಳೂವರೆಗೆ ಇಳಿಯಿತು. ಅದರಲ್ಲಿ ಮಾತ್ರೆಯ ಪಾಲೂ ಇದೆ, ಸಂಜೆಯ ನಡಿಗೆಯ ಪಾಲೂ ಇದೆ. ಎಲ್ಲ ಕೀರ್ತಿಯನ್ನೂ ಬ್ರೆಡ್ಡಿಗೆ ಕೊಡುವಷ್ಟು ಮರುಳು ನನಗಿಲ್ಲ. ಆದರೆ ಆ ವರ್ಷ ನಮ್ಮ ಬೀದಿಯವರ ಪ್ಯಾಂಟುಗಳನ್ನು ನಾನು ಸಡಿಲಿಸಿದ್ದಕ್ಕಿಂತ ಬಿಗಿ ಮಾಡಿದ್ದೇ ಹೆಚ್ಚು. ಇಪ್ಪತ್ತಾರು ವರ್ಷಗಳಲ್ಲಿ ಹೀಗಾದದ್ದು ಅದೇ ಮೊದಲು. ನನ್ನ ಅಳತೆಪಟ್ಟಿ ತಮ್ಮ ಪ್ರಯೋಗಾಲಯಕ್ಕೆ ಸಮವಲ್ಲ, ಒಪ್ಪಿದೆ. ಆದರೆ ಮುಲಾಜಿಗೆ ಸುಳ್ಳು ಹೇಳುವುದು ಅದಕ್ಕೂ ಗೊತ್ತಿಲ್ಲ.

ಇನ್ನು ಹೋದ ಚಳಿಗಾಲದ ಒಂದು ಗುರುವಾರ. ಶಾಲೆಯ ಸಮವಸ್ತ್ರಗಳನ್ನು ಅಂದೇ ಕೊಡಬೇಕಿತ್ತು. ಬೆಳಗಿನ ಮಾತ್ರೆ ನುಂಗಿ, ತಿಂಡಿ ಆಮೇಲೆ ನೋಡೋಣ ಎಂದು ಮನೆಯಲ್ಲಿರುವ ಇನ್ನೊಂದು ಹೊಲಿಗೆ ಯಂತ್ರದ ಮುಂದೆಯೇ ಕೂತೆ. ಮುಂದಿನದು ನನಗೆ ನೆನಪಿಲ್ಲ, ಬೇರೆಯವರು ಹೇಳಿದ್ದು. ಮೇಲಿನವರು ಬೇಕರಿಯ ಮುಂದೆ ನನಗಾಗಿ ಕಾದು, ಬರಲಿಲ್ಲವೆಂದು ಬ್ರೆಡ್ಡು ಕತ್ತರಿಸಿಕೊಂಡು, ನನ್ನ ಅರ್ಧ ಕೊಡಲು ಮನೆಗೇ ಬಂದರು. ಬಾಗಿಲು ಓರೆಯಾಗಿತ್ತು. ನಾನು ಯಂತ್ರಕ್ಕೆ ಒರಗಿ ನೆಲದ ಮೇಲೆ ಕೂತಿದ್ದೆ. ಚಳಿಯಲ್ಲೂ ಅಂಗಿ ಬೆವರಿನಿಂದ ಒದ್ದೆ. "ತೋಳಿನ ಅಳತೆ ಕೊಡಿ" ಎಂದು ತೊದಲುತ್ತಿದ್ದೆನಂತೆ. ನಾನು ಹಳೆಯ ಸಿಟ್ಟಿನಿಂದ ಗೇಲಿ ಮಾಡುತ್ತಿದ್ದೇನೆಂದು ಅವರು ಒಂದು ಕ್ಷಣ ಬಾಗಿಲಲ್ಲೇ ನಿಂತರಂತೆ. ಆಮೇಲೆ ನನ್ನ ಕೈ ನಡುಗುವುದನ್ನು ಕಂಡು, ಮಂಡಿ ನೋವಿನ ಆ ಮನುಷ್ಯ ಮೆಟ್ಟಿಲು ಓಡಿ ಇಳಿದು, ಕ್ಲಿನಿಕ್ಕಿಗೆ ಹೊರಟಿದ್ದ ಬೇಕರಿಯವರ ಹೆಂಡತಿಯನ್ನು ಕರೆತಂದರು. ಅವಳು ಸಕ್ಕರೆ ನೀರು ಗುಟುಕು ಗುಟುಕಾಗಿ ಕುಡಿಸಿ, ನನಗೆ ಮೈಮೇಲೆ ಎಚ್ಚರ ಬಂದ ಮೇಲೆ ಬೈದಳು.

"ಬ್ರೆಡ್ಡು ಔಷಧಿ ಅಲ್ಲ ಅಕ್ಕ. ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಟ್ರೆ ಯಾವ ಬ್ರೆಡ್ಡೂ ಕಾಪಾಡಲ್ಲ."

ಮೇಲಿನವರು ಆಗಲೂ ನನ್ನ ಅರ್ಧವನ್ನು ಕಾಗದದಲ್ಲಿ ಸುತ್ತಿ ಎದೆಗೆ ಅವುಚಿಕೊಂಡೇ ನಿಂತಿದ್ದರು. ಅವಳು ಹೇಳಿದ್ದು ಸತ್ಯ. ಆದರೂ ನಾನು ಅಂದು ಇಡೀ ಬ್ರೆಡ್ಡು ಕೊಳ್ಳುವವಳಾಗಿದ್ದರೆ ಯಾರು ನನ್ನ ಬಾಗಿಲಿಗೆ ಬರುತ್ತಿದ್ದರು? ತಮ್ಮ ತಪಾಸಣೆಯ ಪಟ್ಟಿಯಲ್ಲಿ ನಾರಿನಂಶಕ್ಕೆ ಒಂದು ಕಲಂ ಇದೆ, ಉಪ್ಪಿಗೆ ಒಂದು ಕಲಂ ಇದೆ. ಇದನ್ನು ಯಾವ ಕಲಮಿನಲ್ಲಿ ಬರೆಯುತ್ತೀರಿ?

ಇಷ್ಟಾದ ಮೇಲೆ ತಮ್ಮ ಇನ್ಸ್‌ಪೆಕ್ಟರು ಬಂದರು. ಹೆಬ್ಬೆರಳಿನಿಂದ ಬ್ರೆಡ್ಡನ್ನು ಒತ್ತಿದರು. ಅದು ತಗ್ಗಲಿಲ್ಲ. ಇನ್ನೊಮ್ಮೆ ಒತ್ತಿದರು. ಕೊನೆಗೆ ಹೆಬ್ಬೆರಳು ನೀವಿಕೊಂಡು 'ಗಡಸು' ಎಂದು ಬರೆದುಕೊಂಡರು. ಅವರು ಹಿಡಿದ ತಪ್ಪುಗಳಲ್ಲಿ ನಿಜವಾದವೂ ಇದ್ದವು, ಮುಚ್ಚಿಡುವುದಿಲ್ಲ. ಬೇಕರಿಯವರು ಉತ್ಸಾಹ ಹೆಚ್ಚಾಗಿ ಹಲಗೆಯ ಮೇಲೆ 'ಸಕ್ಕರೆ ಕಾಯಿಲೆಗೆ ರಾಮಬಾಣ' ಎಂದು ಬರೆದಿದ್ದರು. ಅದು ತಪ್ಪೇ. ಅವರ ಹೆಂಡತಿ ಅದನ್ನು ಆ ಸಂಜೆಯೇ ಒರೆಸಿ ಹಾಕಿದಳು. ಗಂಡನನ್ನೂ ಬಿಡಲಿಲ್ಲ, ಗೋಡೆ ತೆಳು ಎಂದೆನಲ್ಲ. ಬಯಲಲ್ಲಿ ಕತ್ತರಿಸುವುದೂ ತಪ್ಪೇ. ಈಗ ಗಾಜಿನ ಪೆಟ್ಟಿಗೆ, ಕೈಗವಸು, ತೂಕದ ಚೀಟಿ ಎಲ್ಲವೂ ಬಂದಿವೆ. ಆದರೆ ಕತ್ತರಿಸಿ ಇಬ್ಬರಿಗೆ ಕೊಡುವುದೇ ಅಪರಾಧವೆಂದರೆ, ಬೇಕರಿಯವರಿಗೆ ಉಳಿಯುವುದು ಆ ಬ್ರೆಡ್ಡಿನ ಒಲೆಯ ಬಾಗಿಲು ಮುಚ್ಚುವುದಷ್ಟೇ. ಮುಚ್ಚಿದ್ದಾರೆ.

ನಾವು ಐದು ಜನ ತಮ್ಮ ಕಚೇರಿಗೂ ಬಂದಿದ್ದೆವು. ತಾವು ಸಭೆಯಲ್ಲಿದ್ದಿರಿ. ಎರಡನೇ ಸಲ ಬಂದಾಗ ಆ ಸಭೆಯ ಮುಂದುವರಿದ ಭಾಗದಲ್ಲಿದ್ದಿರಿ. ತಮ್ಮ ಗುಮಾಸ್ತರೊಬ್ಬರು ಅರ್ಜಿಗೆ ಮುದ್ರೆ ಒತ್ತಿ, ನಿಯಮ ನಿಯಮವೇ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆಮೇಲೆ ನನ್ನ ಕಡೆ ಬಾಗಿ ಮೆಲ್ಲನೆ, "ಅಮ್ಮಾ, ಆ ಬ್ರೆಡ್ಡು ಬೇರೆ ಎಲ್ಲಾದ್ರೂ ಸಿಗುತ್ತಾ? ನಮ್ಮ ತಾಯಿ ಅದನ್ನೇ ಕೇಳ್ತಿದಾರೆ" ಎಂದರು. ಅವರು ಯಾರೆಂದು ಹೇಳಲಾರೆ. ಹುಡುಕಲು ಹೋಗಬೇಡಿ, ಒಳ್ಳೆಯ ಮಗ.

ಈಗ ಎಲ್ಲರೂ ಪೊಟ್ಟಣದ ಬ್ರೆಡ್ಡು ಕೊಳ್ಳುತ್ತಾರೆ. ಬಿಳಿ, ಮೃದು, ಚೌಕಾಕಾರ. ತಮ್ಮ ಮನಸ್ಸಿಗೆ ಒಪ್ಪುವಂಥದು. ಅದಕ್ಕೆ ಜೊತೆ ಬೇಕಿಲ್ಲ. ಜನ ಬರುತ್ತಾರೆ, ತೆಗೆದುಕೊಳ್ಳುತ್ತಾರೆ, ಹೋಗುತ್ತಾರೆ. ಮೊನ್ನೆ ಮೇಲಿನವರು ನನ್ನ ಬಾಗಿಲು ಬಡಿದರು. ಕೈಯಲ್ಲಿ ಅಂಥದೇ ಪೊಟ್ಟಣ. ಹದಿನಾರು ಹೋಳುಗಳಲ್ಲಿ ಎಂಟನ್ನು ಎಣಿಸಿ ಬೇರೆ ಕಾಗದದಲ್ಲಿ ಸುತ್ತಿ ತಂದಿದ್ದರು. ನಾನೂ ಒಂದು ಪೊಟ್ಟಣ ಕೊಂಡಿದ್ದೇನೆಂದು ಯೋಚಿಸದೆ ಹೇಳಿಬಿಟ್ಟೆ. ಅವರು "ಹೌದಾ, ಸರಿ ಸರಿ" ಎಂದು ಕಾಗದದ ಮಡಿಕೆಯನ್ನು ಮತ್ತೆ ಒತ್ತಿ ಸರಿಮಾಡಿದರು. ಅವರು ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಹೋದರು. ಬಾಗಿಲು ಹಾಕಿದ ಸದ್ದು ಕೇಳುವವರೆಗೆ ನಾನು ಯಂತ್ರ ತುಳಿಯಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ಬ್ರೆಡ್ಡಿಗೆ ತಾವು ಬ್ರೆಡ್ಡು ಎನ್ನದಿದ್ದರೂ ಪರವಾಗಿಲ್ಲ, ಕಡತದಲ್ಲಿ ಏನು ಬೇಕಾದರೂ ಹೆಸರಿಡಿ. ಸ್ವಚ್ಛತೆಯ ನಿಯಮಗಳನ್ನು ಇನ್ನೂ ಬಿಗಿ ಮಾಡಿ, ತಲೆಬಾಗುತ್ತೇವೆ. ಆದರೆ ಅದನ್ನು ಕತ್ತರಿಸಿ ಇಬ್ಬರಿಗೆ ಕೊಡಬಾರದೆಂಬ ಒಂದು ಸಾಲನ್ನು ಹೊಡೆದು ಹಾಕಿ. ಹದಿನೈದು ದಿನಗಳೊಳಗೆ, ಲಿಖಿತವಾಗಿ. ಸಂದೇಹವಿದ್ದರೆ, ಒಲೆ ಮತ್ತೆ ಹೊತ್ತಿದ ದಿನ ತಾವೇ ಬೆಳಿಗ್ಗೆ ಏಳಕ್ಕೆ ಬಂದು ಸಾಲಿನಲ್ಲಿ ನಿಲ್ಲಿ. ಇನ್ಸ್‌ಪೆಕ್ಟರನ್ನು ಕಳಿಸಬೇಡಿ, ಅವರ ಹೆಬ್ಬೆರಳು ಸುಧಾರಿಸಿಕೊಳ್ಳಲಿ. ಹುದ್ದೆ ಹೇಳಿದರೆ ಅಲ್ಲಿ ಅರ್ಧ ಸಿಗುವುದಿಲ್ಲ. ಪಕ್ಕದಲ್ಲಿ ನಿಂತವರನ್ನು ಬಾಯಿಬಿಟ್ಟು ಕೇಳಬೇಕು. ಮೊದಲ ದಿನ ಸಂಕೋಚವಾಗುತ್ತದೆ, ನನಗೂ ಆಗಿತ್ತು.

ಇಂತಿ,
ಸೂಜಿಗೆ ಕನ್ನಡಕ ಬೇಕಾದರೂ ಸಿಟ್ಟಿಗೆ ಇನ್ನೂ ಬೇಡದ,
ಸದ್ಯಕ್ಕೆ ಅರ್ಧದವರಿಲ್ಲದ,
ಬೇಕರಿ ಪಕ್ಕದ ದರ್ಜಿ