ಹನ್ನೊಂದು ಇಲಿಗಳ ಬಸಿರು

ಇಲಿಮನೆಯ ಹೊಸ ಸಾಹೇಬರಿಗೆ ನಮಸ್ಕಾರ.

ನಾನು ನಿಮ್ಮ ಪ್ರಯೋಗಾಲಯದಲ್ಲಿ ಇಪ್ಪತ್ತೆಂಟು ವರ್ಷ ಇಲಿ ಸಾಕಿ ನಿವೃತ್ತನಾದವನು. ಮೊನ್ನೆ ನೀವು ಕೆಲಸದಿಂದ ತೆಗೆದ ಹೆಂಗಸಿನ ಮಾವ. ಅವಳ ತಲೆಯೆಣ್ಣೆಯ ವಾಸನೆಗೆ ಹನ್ನೊಂದು ಹೆಣ್ಣಿಲಿಗಳ ಬಸಿರು ನಿಲ್ಲಲಿಲ್ಲ ಎಂದು ಬರೆದಿದ್ದೀರಿ. ಕಾರಣ ವಾಸನೆ ಎಂಬಷ್ಟಾದರೂ ನಿಮ್ಮ ಮೂಗಿಗೆ ಹತ್ತಿತಲ್ಲ, ಸಂತೋಷ.

ಓಡಾಟ ಉಳಿಯಲೆಂದು, ಆಗಷ್ಟೇ ಕೂಡಿದ ಹೆಣ್ಣುಗಳ ಕೋಣೆಗೆ ಹೊಸ ಗಂಡಿಲಿಗಳ ಗೂಡು ತರಿಸಿದವರು ತಾವು. ಸೊಸೆ "ಬೇಡ ಸಾರ್" ಅಂದಳಂತೆ. "ನಿನ್ನ ಕೆಲಸ ಗುಡಿಸೋದು, ಗುಡಿಸಮ್ಮ" ಅಂದಿರಂತೆ. ಪರಗಂಡಿನ ಉಚ್ಚೆಯ ವಾಸನೆ ಬಡಿದರೆ ಹೆಣ್ಣಿಲಿಯ ಮೈಯೊಳಗೆ ಹಾರ್ಮೋನು ಇಳಿದು ಎಳೆಬಸಿರು ನಿಲ್ಲುವುದಿಲ್ಲ ಸ್ವಾಮಿ. ಕಾಲೇಜಿನಲ್ಲಿ ಈ ವಾಸನೆಗೊಂದು ಇಂಗ್ಲಿಷ್ ಹೆಸರು ಹೇಳಿದ್ದರು, ಫೆರೋ ಎಂದೇನೋ ಶುರುವಾಗುತ್ತದೆ, ಮಿಕ್ಕಿದ್ದು ಮರೆತಿದ್ದೇನೆ. ನನ್ನ ಹೆಂಡತಿಯೂ ಅಲ್ಲೇ ಗೂಡು ತೊಳೆಯುತ್ತಿದ್ದಳು, ತೀರಿಹೋಗಿ ಆರು ವರ್ಷವಾಯಿತು. ಅವಳಿಗೆ ಇಂಗ್ಲಿಷಿನ ಗಂಧವಿರಲಿಲ್ಲ. "ಐದು ದಿನ ಅದರ ಗಂಡನ ವಾಸನೆ ಬಿಟ್ಟು ಬೇರೆಯವನದು ಸೋಕಬಾರ್ದು ಕಣ್ರೀ" ಎನ್ನುತ್ತಿದ್ದಳು. ನಿಮ್ಮ ಎರಡು ಡಿಗ್ರಿಗಳಲ್ಲಿ ಈ ಪಾಠ ಬಂದಂತಿಲ್ಲ.

ಗಂಡುಗಳನ್ನು ಹಳೆಯ ಕೋಣೆಗೆ ಕಳಿಸಿ, ಹೆಣ್ಣುಗಳನ್ನು ಮತ್ತೆ ಕೂಡಿಸಿ ನೋಡಿ. ಸೋಮವಾರದಿಂದ ಸೊಸೆಯನ್ನು ಕರೆಸಿಕೊಳ್ಳಿ, ಆದರೆ ಭಾರದ ಗೂಡು ಎತ್ತಿಸಬೇಡಿ. ಅವಳಿಗೀಗ ಮೂರು ತಿಂಗಳು. ನೀವು ದಿನವೂ ಅವಳ ಪಕ್ಕದಲ್ಲೇ ನಿಂತು ಗದರಿದಿರಿ. ಪುಣ್ಯಕ್ಕೆ ಮನುಷ್ಯರ ಬಸಿರು ಸಾಹೇಬರ ವಾಸನೆಗೆಲ್ಲ ಇಳಿಯುವುದಿಲ್ಲ.

ಇಂತಿ,
ನಿಮಗಿಂತ ಮೊದಲು ಆ ಇಲಿಗಳನ್ನು ಸಾಕಿದವನು