ಪತ್ತನಾಜೆ ಕಳೆದ ಮೇಲೆ

ಪ್ರೇಮಕ್ಕ,

ದೇವರ ಪಾದ ಸೇರಿದವಳ ಕ್ಷೇಮ ಕೇಳುವುದು ಹೇಗೆ? ಇಲ್ಲಿಯ ವಿಷಯವನ್ನೇ ಬರೆಯುತ್ತೇನೆ.

ನಿನ್ನೆ ನೆರಿಯದಲ್ಲಿ ನಿನ್ನ ಬೊಜ್ಜ, ಉತ್ತರಕ್ರಿಯೆ ಎಲ್ಲ ಮುಗಿಯಿತು. ನಾನು ಹೊರಡುವಾಗ ನಿನ್ನ ಮಗಳು ನಿಖಿತಾ ತೆಂಗಿನ ಗೆರಟೆಗಳಲ್ಲಿದ್ದ ಮುಳ್ಳುಸೌತೆಯ ಸಸಿಗಳನ್ನು ತಂದಳು.

"ಇದು ನಿಮ್ಮದು ಚಿಕ್ಕಮ್ಮ. ನಮ್ಮದು ಆಗಲೇ ಚಪ್ಪರಕ್ಕೆ ಹತ್ತಿ ಆಯ್ತು. ಬಂಟ್ವಾಳದಲ್ಲಿ ಮಳೆ ತಡ ಅಂತ ಅಮ್ಮ ಇದನ್ನು ಆಮೇಲೆ ಹಾಕಿದ್ದು."

ಬೇಸಗೆಯಲ್ಲಿ ನೀನು ಫೋನು ಮಾಡಿ, "ಬೀಜಕ್ಕಾದರೂ ಒಮ್ಮೆ ಬಂದು ಹೋಗು ಮಾರಾಯ್ತಿ" ಎಂದಿದ್ದೆ.

"ಘಟ್ಟದ ಬುಡದ ಮಳೆ ನಮಗೆ ಎಲ್ಲಿಂದ? ನಾವು ಬಿತ್ತುವುದು ಮೇ ಕೊನೆಗೆ, ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ. ಆಗಲೇ ಬರ್ತೇನೆ" ಎಂದು ನಗಾಡಿದೆ. ಹುಷಾರಿಲ್ಲವೆಂದು ನೀನು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಹೇಳಿದ ಹಾಗೆ ಪತ್ತನಾಜೆ ಕಳೆದೇ ಬಂದೆ, ನಿನ್ನ ಬಾಯಿಗೆ ಕೊನೆಯ ನೀರು ಬಿಡಲಿಕ್ಕೆ.

ಇವತ್ತು ಬೆಳಿಗ್ಗೆ ದೇವರಿಗೆ ದೀಪ ಇಟ್ಟು, ಹಿತ್ತಿಲಲ್ಲಿ ಸಸಿಗಳನ್ನು ನೆಟ್ಟೆ. ರಾತ್ರಿಯ ಮಳೆಗೆ ಮಣ್ಣು ಹದವಾಗಿ ನೆನೆದಿತ್ತು. ನಿನ್ನ ಲೆಕ್ಕ ಸರಿ ಇತ್ತು ಅಕ್ಕ. ಸಸಿಗಳಿಗೆ ಏನೂ ತಡವಾಗಲಿಲ್ಲ.