ಔಷಧಿ ಅಂಗಡಿಯವಳ ಮಗಳು

ಹುಶಿ, ಮಾರ್ಚ್ ೨೧, ೨೦೨೪

ಪ್ರೀತಿಯ ಮಗಳು ಲುಮಿನಿತ್ಸಾಗೆ,

ನಿನ್ನ ಸೊಂಟನೋವು ಹೇಗಿದೆ? ನೀನು ನೋಡಿಕೊಳ್ಳುವ ಆ ಇಟಲಿಯ ಮುದುಕಿಯನ್ನು ಒಬ್ಬಳೇ ಎತ್ತಬೇಡ, ಅವಳ ಮಗನನ್ನೂ ಕರೆ. ಅವಳು ಹೆತ್ತದ್ದು ಅವನನ್ನು, ನಿನ್ನನ್ನಲ್ಲ. ನಾನು ಗಟ್ಟಿಯಾಗಿದ್ದೇನೆ. ಉಪವಾಸ ಶುರುವಾಯಿತು, ದಿನವೂ ಬೀನ್ಸ್ ಕಾಳಿನ ಸಾರು, ಹುಳಿ ಕೋಸು. ಅಮ್ಮ ಫೋನ್ ಮಾಡದೆ ಇಟಲಿಗೆ ಮಿನಿಬಸ್ ಓಡಿಸುವ ನೆಲು ಕೈಯಲ್ಲಿ ಕಾಗದ ಕಳಿಸಿದಳೇಕೆ ಎಂದು ಗಾಬರಿಯಾಗಬೇಡ. ಮೊಮ್ಮಗಳು ಇಲಿಂಕಾ ಎದುರಿಗೆ ಇದನ್ನು ಹೇಳಲಾರೆ. ಫೋನಿನ ಮೇಲೆ ನಂಬಿಕೆಯೂ ಹೋಗಿದೆ.

ಚಳಿಗಾಲದಲ್ಲಿ ನಿನ್ನ ಮಗಳಿಗೆ ಫೋನಿನಲ್ಲೊಬ್ಬ ಗೆಳತಿ ಸಿಕ್ಕಿದ್ದಳು, ದೆನಿಸಾ ಅಂತ. ಬೇರೆ ಊರಿನವಳಂತೆ, ಅವಳ ಅಮ್ಮನೂ ಇಟಲಿಯಲ್ಲಿ ದುಡಿಯುತ್ತಾಳಂತೆ. ಒಮ್ಮೆಯೂ ಮುಖ ತೋರಿಸಲಿಲ್ಲ, ದನಿ ಕೇಳಿಸಲಿಲ್ಲ, ಬರೆಯುತ್ತಿದ್ದಳು ಅಷ್ಟೇ. ನಮ್ಮದು ಪೆದ್ದು, ದನಿ ಮುದ್ರಿಸಿ ಕಳಿಸುತ್ತಿತ್ತು. ನನಗೂ ಹೇಳದ ಸಂಕಟವನ್ನೆಲ್ಲ ಅವಳ ಮುಂದೆ ತೋಡಿಕೊಂಡಿತು. ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಆ ಅಳುವೆಲ್ಲ ತರಗತಿಯವರ ಫೋನುಗಳಲ್ಲಿತ್ತು, ಹಿಂದೆ ಮದುವೆಮನೆಯ ವಾದ್ಯ ಸೇರಿಸಿ. ಹುಡುಗರು ಅವಳ ಬಿಕ್ಕಳಿಕೆಯನ್ನು ಅಣಕಿಸುತ್ತ ಶಾಲೆಯ ಗೇಟಿನವರೆಗೂ ಹಿಂಬಾಲಿಸಿದರಂತೆ. ಮನೆಗೆ ಬಂದು ಮುಸುಕು ಹಾಕಿಕೊಂಡವಳು ಎಷ್ಟೋ ದಿನ ಏಳಲೇ ಇಲ್ಲ.

ದೆನಿಸಾ ಎಂಬವಳೇ ಇರಲಿಲ್ಲ, ಮಗಳೇ. ರಸಾಯನಶಾಸ್ತ್ರದ ಮೇಷ್ಟರಿಗೆ ಇಲಿಂಕಾಳ ತರಗತಿಯಲ್ಲಷ್ಟೇ ‘ಒದ್ದೆ ಕೋಳಿ’ ಎಂದು ಅಡ್ಡಹೆಸರು. ಬೇರೆ ಊರಿನ ದೆನಿಸಾ ಒಮ್ಮೆ ಮರೆತು ಅದನ್ನೇ ಬರೆದಿದ್ದಳು. ಹಳೆಯದನ್ನೆಲ್ಲ ಮತ್ತೆ ಓದುವಾಗ ಇಲಿಂಕಾಳ ಕಣ್ಣಿಗೆ ಅದು ಬಿತ್ತು. ಕ್ಲಾಸ್ ಟೀಚರ್ ಒಬ್ಬೊಬ್ಬರನ್ನೇ ಕರೆದು ಕೇಳಿದಾಗ ಒಪ್ಪಿಕೊಂಡವಳು ರುಕ್ಸಾಂದ್ರಾ, ಇಲಿಂಕಾಳ ಬೆಂಚಿನಲ್ಲೇ ಕೂರುವವಳು, ಸೇತುವೆ ಪಕ್ಕದ ಔಷಧಿ ಅಂಗಡಿಯ ಒತಿಲಿಯಾಳ ಮಗಳು. ಬೇಜಾರಾಗಿತ್ತು, ಅದಕ್ಕೇ ಮಾಡಿದೆ ಎಂದಳಂತೆ.

ಪೊಲೀಸರಿಗೆ ದೂರು ಕೊಟ್ಟೆ. ‘ನೋಡೋಣ’ ಎಂದರು. ನನಗೆ ನೋಡುತ್ತ ಕೂರುವ ತಾಳ್ಮೆ ಇರಲಿಲ್ಲ. ಶನಿವಾರ ಅಂಗಡಿ ತುಂಬಿರುವ ಹೊತ್ತು ನೋಡಿಕೊಂಡೇ ಹೋದೆ. ಒತಿಲಿಯಾ ತಲೆಯೆತ್ತದೆ, ‘ಬಿಡಿ ಅಜ್ಜಿ, ಮಕ್ಕಳಾಟ. ನಾಲ್ಕು ದಿನ ನಗ್ತಾರೆ, ಮರೀತಾರೆ’ ಎಂದಳು. ನಾನಂದೆ: ‘ಹಾಗಾದ್ರೆ ನೀನೂ ಒಂದಾಟ ಆಡು. ನನ್ನ ಹಿಂದೆ ನಿಂತೋರು ಯಾವ ಯಾವ ಮಾತ್ರೆ ನುಂಗ್ತಾರೆ, ಯಾತಕ್ಕೆ ನುಂಗ್ತಾರೆ, ಗಟ್ಟಿಯಾಗಿ ಹೇಳು. ನಾವೂ ನಾಲ್ಕು ದಿನ ನಗ್ತೀವಿ.’ ಒತಿಲಿಯಾ ಆಗ ತಲೆಯೆತ್ತಿದಳು. ‘ಊರಿನ ಗುಟ್ಟೆಲ್ಲ ನಿನ್ನ ಕಪಾಟಲ್ಲಿದೆ, ನಿನ್ನ ಮಗಳಿಗೆ ಬೇಜಾರಾದ್ರೆ ನಮ್ಮ ಗತಿ ಏನವ್ವ?’ ಅಂದೆ. ಮೊದಲು ಹೊರಟವನು ಅಂಚೆಯ ಗ್ರಿಗೋರೆ, ಡಾಕ್ಟರ ಚೀಟಿಯನ್ನು ಜೇಬಿಗೆ ತುರುಕಿಕೊಂಡು. ಆಮೇಲೆ ಉಳಿದವರು.

ಈಗ ಜನ ಗುಡ್ಡ ಹತ್ತಿ ಆಚೆಯ ಅಂಗಡಿಗೆ ಹೋಗುತ್ತಾರೆ. ಒತಿಲಿಯಾ ಬಾಗಿಲಲ್ಲಿ ಕೈಕಟ್ಟಿ ನಿಂತಿರುವುದನ್ನು ನೋಡಲೆಂದೇ ನಾನು ಆ ದಾರಿಯಲ್ಲಿ ರೊಟ್ಟಿ ತರಲು ಹೋಗುತ್ತೇನೆ. ಉಪವಾಸಕ್ಕೆ ಮುಂಚಿನ, ಕ್ಷಮೆ ಬೇಡುವ ಭಾನುವಾರ ಎಲ್ಲರೂ ಚರ್ಚಿನಲ್ಲಿ ಒಬ್ಬರಿಗೊಬ್ಬರು ತಲೆಬಾಗಿದರು. ನಾನು ಕಾಲುನೋವೆಂದು ಮನೆಯಲ್ಲೇ ಉಳಿದೆ. ಕಾಲು ಚೆನ್ನಾಗಿಯೇ ಇತ್ತು. ಪಾದ್ರಿಗಳು ಬಂದು, ‘ಸಾಕಮ್ಮ, ಇನ್ನಾದ್ರೂ ಬಿಟ್ಬಿಡಿ’ ಎಂದರು. ಮಗುವಿನ ಅಳುವನ್ನು ಎಲ್ಲರ ಫೋನಿನಿಂದ ವಾಪಸು ತಂದುಕೊಡಿ, ಆ ದಿನವೇ ಬಿಡುತ್ತೇನೆ ಎಂದೆ. ಇಲಿಂಕಾ ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ. ಆದರೆ ಮಾತು ಕಡಿಮೆ. ನನ್ನೊಡನೆಯೂ ಆಡುವ ಮೊದಲು ಒಂದು ಕ್ಷಣ ಯೋಚಿಸುತ್ತಾಳೆ.

ದೇವಮಾತೆ ನಿನ್ನ ಕೈಕಾಲಿಗೆ ಬಲ ಕೊಡಲಿ. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ,
ಸೆವಾಸ್ತಿತ್ಸಾ

ಮರೆತ ಮಾತು: ನೆಲು ಹಾರ್ನ್ ಹೊಡೆಯುತ್ತಿದ್ದಾನೆ. ಮೊನ್ನೆ ಆ ರುಕ್ಸಾಂದ್ರಾ ಬೀದಿಯಲ್ಲಿ ನನ್ನನ್ನು ತಡೆದು, ‘ನಮ್ಮಮ್ಮನ್ನ ಅಳಿಸಿದ್ರಿ. ಇಲಿಂಕಾಳ ಅಮ್ಮನ ನಂಬರ್ ನನ್ನ ಹತ್ರ ಇದೆ’ ಎಂದಳು. ಗೊತ್ತಿಲ್ಲದವರು ಕಳಿಸಿದ್ದನ್ನು ತೆರೆಯಬೇಡ. ಆಗಲೇ ತೆರೆದಿದ್ದರೆ, ‘ಅಮ್ಮ ಸತ್ತೇ ಹೋಗಿದ್ರೆ ಚೆನ್ನಾಗಿತ್ತು, ಕಾಯೋದಾದ್ರೂ ತಪ್ತಿತ್ತು’ ಎನ್ನುವ ದನಿ ನಿನ್ನ ಮಗಳದೇ. ಕ್ರಿಸ್‌ಮಸ್ಸಿಗೆ ನೀನು ಬರುವುದಿಲ್ಲವೆಂದು ಗೊತ್ತಾದ ದಿನ ಆ ದೆನಿಸಾಗೆ ಅಂದದ್ದು. ನಿನ್ನ ಕಿವಿಗೆ ಅದು ಬಿದ್ದಿಲ್ಲ ಎಂಬ ಒಂದೇ ಧೈರ್ಯದಲ್ಲಿ ಅವಳು ಬೆಳಗ್ಗೆ ಏಳುತ್ತಿದ್ದಾಳೆ. ಕೇಳಿದ್ದರೂ ಕೇಳಿಲ್ಲವೆಂದೇ ಇರು. ಈಸ್ಟರ್‌ಗೆ ಬಾ.